ಐದನೆಯ ಲೈಸೆನ್ಸು

ನನ್ನ ಭಾವ ಒಳ್ಳೆಯವರು. ಇದನ್ನು ಮೊದಲೇ ಹೇಳಿಬಿಡುವುದು ಕ್ಷೇಮ, ಏಕೆಂದರೆ ಮುಂದಿನದನ್ನೆಲ್ಲ ಕೇಳಿದ ಮೇಲೆ ನೀವು ನಂಬುವುದಿಲ್ಲ. ಅವರ ಒಂದೇ ಒಂದು ದೋಷವೆಂದರೆ 'ಇಲ್ಲ' ಎಂಬ ಮಾತು ಅವರ ಬಾಯಿಂದ ಹೊರಡುವುದಿಲ್ಲ. ನಾಳೆಯೇ ಹಾಸಿಗೆ ಬೇಕು ಎಂದವರಿಗೆ ಆಯ್ತು, ಆ ನಾಳೆ ಬಂದು 'ಎಲ್ರೀ?' ಎಂದು ಗದರಿದವರಿಗೂ ಆಯ್ತು. ಬೀದಿಯವರು ಅವರಿಗೆ 'ಆಯ್ತು ಸಾಹೇಬ್ರು' ಎಂದು ಹೆಸರಿಟ್ಟಿದ್ದರು. ಅದು ಕಿವಿಗೆ ಬಿದ್ದಾಗಲೂ ಭಾವ ತಲೆ ಆಡಿಸಿ "ಆಯ್ತು" ಎಂದಿದ್ದರು.

ನಮ್ಮದು ಹಾಸಿಗೆ ಅಂಗಡಿ. ಮುಂದೆ ಮಾರಾಟ, ಹಿಂದೆ ಹೊಲಿಗೆ, ಮಹಡಿಯ ಮೇಲೆ ದೊಡ್ಡಮ್ಮ. ದೊಡ್ಡಮ್ಮ ಎಂದರೆ ಭಾವನ ದೊಡ್ಡಪ್ಪನ ಹೆಂಡತಿ. ಗಂಡಹೆಂಡಿರಿಬ್ಬರೂ ಬೆನ್ನು ಬಗ್ಗಿಸಿ ಹಾಸಿಗೆ ಹೊಲಿದು ಈ ಕಟ್ಟಡ ಎಬ್ಬಿಸಿದವರು. ದೊಡ್ಡಪ್ಪ ತೀರಿಕೊಂಡ ಮೇಲೆ ದೊಡ್ಡಮ್ಮ ವ್ಯಾಪಾರವನ್ನು ಭಾವನಿಗೆ ಒಪ್ಪಿಸಿ ಮಹಡಿ ಹತ್ತಿದರು. ಕಟ್ಟಡವನ್ನು ಮಾತ್ರ ತಮ್ಮ ಹೆಸರಿನಲ್ಲೇ ಇಟ್ಟುಕೊಂಡರು. ಮಂಡಿನೋವಿನಿಂದಾಗಿ ಕೆಳಗಿಳಿಯುವುದು ಅಪರೂಪ. ಆದರೆ ಪ್ರತಿ ಸಂಜೆ ಬಾಗಿಲು ಹಾಕುವ ಹೊತ್ತಿಗೆ ಮೆಟ್ಟಿಲ ಮೇಲ್ತುದಿಯಲ್ಲಿ ನಿಂತು "ಇವತ್ತು ಏನೇನು ಹೋಯ್ತೋ?" ಎಂದು ಕೂಗುತ್ತಿದ್ದರು. ಭಾವ ಕೆಳಗಿನಿಂದ "ಎರಡು ಡಬಲ್ಲು, ಒಂದು ಸಿಂಗಲ್ಲು ದೊಡ್ಡಮ್ಮಾ" ಎಂದು ಒಪ್ಪಿಸುತ್ತಿದ್ದರು. ಅವರು "ಹೂಂ" ಎಂದು ಒಳಗೆ ಹೋದ ಮೇಲೆಯೇ ನಮ್ಮ ದಿನ ಮುಗಿಯುತ್ತಿತ್ತು.

ನಾನು ಅಲ್ಲಿ ಲೆಕ್ಕ ಬರೆಯುವವನು, ಮೇಲಾಗಿ ಮಾಲೀಕರ ಹೆಂಡತಿಯ ತಮ್ಮ. ಈ ಎರಡು ಹುದ್ದೆಗಳಲ್ಲಿ ಯಾವುದರಿಂದಲೂ ನನಗೆ ಗೌರವ ಸಿಕ್ಕಿಲ್ಲ.

ಅಂಗಡಿಯಲ್ಲಿ ಮೂರು ಕಂಪ್ಯೂಟರುಗಳಿದ್ದವು. ಗಲ್ಲೆಯಲ್ಲಿ ಅಕ್ಕನದೊಂದು, ಮೂಲೆಯಲ್ಲಿ ನನ್ನದೊಂದು, ಹಿಂದೆ ಹೊಲಿಗೆ ಮೇಸ್ತ್ರಿಯದೊಂದು. ಮೂರಕ್ಕೂ ಮಾತುಕತೆ ಇರಲಿಲ್ಲ. ಅಕ್ಕ ಬರೆದುಕೊಂಡ ಆರ್ಡರು ಮೇಸ್ತ್ರಿಗೆ ಸಿಗಬೇಕಾದರೆ ಯಾರಾದರೂ ಎದ್ದು ಹೋಗಿ ಹೇಳಬೇಕು. ಹೀಗೇ ಒಮ್ಮೆ ನಿವೃತ್ತ ಮುಖ್ಯೋಪಾಧ್ಯಾಯಿನಿಯೊಬ್ಬರು ಹೇಳಿದ್ದ ಗಟ್ಟಿ ಹಾಸಿಗೆ ಒಬ್ಬ ಕುಸ್ತಿ ಮೇಷ್ಟರ ಮನೆಗೂ, ಕುಸ್ತಿ ಮೇಷ್ಟರ ಮೆತ್ತನೆ ಹಾಸಿಗೆ ಮುಖ್ಯೋಪಾಧ್ಯಾಯಿನಿಯ ಮನೆಗೂ ಹೋಯಿತು. ಆ ತಾಯಿ ಮಧ್ಯಾಹ್ನ ಮಲಗಿದವರು ಅದರಲ್ಲಿ ಹೂತು ಹೋಗಿ, ಎದ್ದು ಬರಲಾಗದೆ, ಹಾಸಿಗೆಯೊಳಗಿನಿಂದಲೇ ನಮಗೆ ಫೋನ್ ಮಾಡಿದರು. ಭಾವ, ನಾನು, ವ್ಯಾನಿನ ಚಾಲಕ ಮೂವರೂ ಹೋಗಿ ಎಳೆದೆವು. ಮೇಲೆ ಬಂದವರು ನಮ್ಮನ್ನು ಸಾಲಾಗಿ ನಿಲ್ಲಿಸಿ ಬೈದರು. ಭಾವ ಪ್ರತಿ ಬೈಗುಳಕ್ಕೂ ಆಯ್ತು ಎಂದರು.

ಮಾರನೇ ದಿನ ಈ ಸಂಗತಿಯನ್ನು ಭಾವ ಪಕ್ಕದ ಕನ್ನಡಕದ ಅಂಗಡಿಯವರ ಮುಂದೆ ತೋಡಿಕೊಂಡರು. ಕನ್ನಡಕದವರು ದಿನಾ ಊಟದ ಮೇಲೆ ನಮ್ಮ ಅಂಗಡಿಗೆ ಬಂದು, ಪ್ರದರ್ಶನಕ್ಕಿಟ್ಟ ಅತ್ಯುತ್ತಮ ಹಾಸಿಗೆಯ ಮೇಲೆ ಕಾಲು ಚಾಚಿ, "ಬೆನ್ನಿಗೆ ಹೊಂದುತ್ತೋ ಇಲ್ವೋ ನೋಡ್ತಾ ಇದೀನಿ" ಎನ್ನುತ್ತಿದ್ದರು. ವರ್ಷಗಳಿಂದ ನೋಡುತ್ತಿದ್ದರು, ಇನ್ನೂ ತೀರ್ಮಾನಕ್ಕೆ ಬಂದಿರಲಿಲ್ಲ. ಮಲಗಿದ್ದಲ್ಲಿಂದಲೇ ನಮ್ಮ ಗೋಡೆಗಳನ್ನು ನೋಡಿ, "ಈ ಜಾಗ ನಂಗೆ ಸಿಕ್ಕಿದ್ರೆ ಮಧ್ಯದ ಗೋಡೆ ಒಡೆಸಿ ಎರಡು ಅಂಗಡಿ ಒಂದು ಮಾಡ್ತಿದ್ದೆ" ಎನ್ನುವುದೂ ಇತ್ತು. ಈ ಮಾತನ್ನು ಅವರು ದೊಡ್ಡಮ್ಮನ ಬಳಿಯೂ ಆಡಿದ್ದರು ಎಂಬುದು ನಮಗೆಲ್ಲ ಗೊತ್ತು.

"ನಿಮಗೆ ಬೇಕಾಗಿರೋದು ಸರ್ವರ್ರು," ಎಂದರು ಕನ್ನಡಕದವರು, ಕಣ್ಣು ಮುಚ್ಚಿಕೊಂಡೇ. "ಮೂರೂ ಕಂಪ್ಯೂಟರ್ ಅದಕ್ಕೆ ಸೇರಿಸ್ಬಿಡಿ. ಒಂದು ಕಡೆ ಬರೆದಿದ್ದು ಎಲ್ಲಾ ಕಡೆ ಕಾಣುತ್ತೆ. ನಾವು ಹಾಕ್ಸಿದೀವಲ್ಲ, ಸ್ಟ್ಯಾಂಡರ್ಡ್ ಎಡಿಷನ್ನು."

ಆ 'ಸ್ಟ್ಯಾಂಡರ್ಡ್' ಎಂಬ ಪದವನ್ನು ಅವರು ಎಷ್ಟು ನಿಧಾನವಾಗಿ ಹೇಳಿದರೆಂದರೆ, ಭಾವನ ಮುಖದ ಮೇಲೆ ಅದು ಇಳಿಯುವುದನ್ನು ನಾನು ಕಣ್ಣಾರೆ ಕಂಡೆ.

ಸರ್ವರ್ ಮಾರುವವನು ಬಂದ. ಸಭ್ಯ ಮನುಷ್ಯ. ಹತ್ತಿಯ ಧೂಳಿಗೆ ಒಂದೇ ಸಮನೆ ಸೀನುತ್ತ, ಮೂರು ಬಗೆಯ ಎಡಿಷನ್ ಇದೆಯೆಂದು ವಿವರಿಸಿದ. ಮೊದಲನೆಯದು ಬೇಸಿಕ್. ಸಣ್ಣ ಸಂಸ್ಥೆಗಳಿಗೆ. ಇಪ್ಪತ್ತೈದು ಜನರವರೆಗೆ ಬಳಸಬಹುದು, ತಲೆಗೊಂದು ಲೈಸೆನ್ಸು ಕೊಳ್ಳಬೇಕಾಗಿಲ್ಲ. ಎರಡನೆಯದು ಸ್ಟ್ಯಾಂಡರ್ಡ್. ಅದಕ್ಕೆ ಸರ್ವರಿನ ಜೊತೆಗೆ ಬಳಸುವ ಪ್ರತಿಯೊಬ್ಬರಿಗೂ ಬೇರೆ ಲೈಸೆನ್ಸು ಬೇಕು. ಮೂರನೆಯದು ಡೇಟಾಸೆಂಟರ್. ಅದು ಕೋಣೆ ತುಂಬ ಯಂತ್ರ ಇಟ್ಟುಕೊಂಡವರಿಗೆ.

"ನಿಮಗೆ ಬೇಸಿಕ್ ಧಾರಾಳವಾಗಿ ಸಾಕು ಸಾರ್," ಎಂದ ಅವನು.

ಹಾಸಿಗೆಯ ಮೇಲಿನಿಂದ ಕನ್ನಡಕದವರು ಸಣ್ಣಗೆ ಕೆಮ್ಮಿದರು. ಆ ಕೆಮ್ಮೇ ನಮ್ಮನ್ನು ಹಾಳು ಮಾಡಿತು.

"ಬೇಸಿಕ್ ಯಾಕ್ರೀ?" ಎಂದರು ಭಾವ, ಶರಟಿನ ಮೇಲಿನ ಹತ್ತಿ ಕೊಡವಿಕೊಂಡು. "ನಮ್ಮದೇನು ನಿನ್ನೆ ಮೊನ್ನೆ ಶುರುವಾದ ಅಂಗಡೀನಾ? ಸ್ಟ್ಯಾಂಡರ್ಡ್ ಕೊಡಿ."

"ಲೈಸೆನ್ಸು ಐದರ ಕಟ್ಟಿನಲ್ಲಿ ಬರುತ್ತೆ ಸಾರ್. ಅದನ್ನ ಜನದ ಲೆಕ್ಕದಲ್ಲಿ ತಗೊಳ್ತೀರಾ, ಕಂಪ್ಯೂಟರಿನ ಲೆಕ್ಕದಲ್ಲಿ ತಗೊಳ್ತೀರಾ? ಜನದ್ದು ಅಂದ್ರೆ ಆ ಐದು ಜನ ಮಾತ್ರ ಬಳಸಬಹುದು. ಕಂಪ್ಯೂಟರಿಂದು ಅಂದ್ರೆ ಆ ಕಂಪ್ಯೂಟರ್ ಮುಂದೆ ಯಾರು ಬೇಕಾದ್ರೂ ಕೂರಬಹುದು. ನಿಮ್ಮಲ್ಲಿ ಮೂರೇ ಇರೋದ್ರಿಂದ..."

"ಕಂಪ್ಯೂಟರಿಗೆ ಯಾರಾದ್ರೂ ಲೈಸೆನ್ಸ್ ಕೊಡ್ತಾರೇನ್ರೀ?" ಎಂದು ಕನ್ನಡಕದವರು ಎದ್ದು ಕುಳಿತರು. "ಕೊಟ್ರೆ ಮನುಷ್ಯರಿಗೆ ಕೊಡ್ಬೇಕು. ಮನುಷ್ಯರಿಗೊಂದು ಬೆಲೆ ಬೇಡ್ವಾ?"

"ಮನುಷ್ಯರಿಗೇ ಬರೀರಿ," ಎಂದರು ಭಾವ, ಕಣ್ಣಲ್ಲಿ ನೀರು ತಂದುಕೊಳ್ಳುವುದೊಂದು ಬಾಕಿ.

ಹೋಗುವ ಮುನ್ನ ಮಾರುವವನು ಬಾಗಿಲಲ್ಲಿ ನಿಂತು ಎಚ್ಚರಿಸಿದ. "ಒಂದು ನೆನಪಿರ್ಲಿ ಸಾರ್. ನೇರವಾಗಿ ಆಗ್ಲಿ, ಪರೋಕ್ಷವಾಗಿ ಆಗ್ಲಿ, ಸರ್ವರ್ ಮುಟ್ಟೋ ಪ್ರತಿಯೊಬ್ಬರಿಗೂ ಲೈಸೆನ್ಸ್ ಇರ್ಬೇಕು. ಕಂಪನಿಯವರು ಯಾವಾಗ ಬೇಕಾದ್ರೂ ಬಂದು ತಪಾಸಣೆ ಮಾಡಬಹುದು."

ಭಾವ ಆಯ್ತು ಎಂದರು. ಸರ್ವರು ಬಂತು. ಕಪ್ಪು ಪೆಟ್ಟಿಗೆ, ಹಸಿರು ದೀಪ. ಹತ್ತಿ ಕೂರಬಾರದೆಂದು ಅಕ್ಕ ಅದಕ್ಕೊಂದು ದಪ್ಪ ಹೊದಿಕೆ ಹೊಲಿದು ಲಾಡಿ ಕಟ್ಟಿದಳು. ಪೆಟ್ಟಿಗೆ ಬಿಸಿಯಾಗಿ ಬಡಕೊಳ್ಳತೊಡಗಿದ ಮೇಲೆ ಲಾಡಿ ಬಿಚ್ಚಿದಳು.

ಐದು ಲೈಸೆನ್ಸುಗಳಲ್ಲಿ ನಾಲ್ಕಕ್ಕೆ ತಕರಾರಿರಲಿಲ್ಲ. ಭಾವ, ಅಕ್ಕ, ನಾನು, ಹೊಲಿಗೆ ಮೇಸ್ತ್ರಿ. ಉಳಿದದ್ದು ಒಂದು. ಬೆಳಿಗ್ಗೆ ವ್ಯಾನಿನ ಚಾಲಕ ಭಾವನನ್ನು ಪಕ್ಕಕ್ಕೆ ಕರೆದು, "ವಿಳಾಸ ನೋಡ್ಕೊಳ್ಳೋಕೆ ಆ ಐದನೇದು ನನಗಿರ್ಲಿ ಸಾರ್" ಎಂದ. ಆಯ್ತು. ಆಮೇಲೆ ಹತ್ತಿ ಹಿಂಜುವಾಕೆ ಬಾಗಿಲಿಗೆ ಅಡ್ಡ ನಿಂತು, "ಮೇಸ್ತ್ರಿಗೆ ಕೊಟ್ಟು ನನಗೆ ಕೊಡ್ಲಿಲ್ಲ ಅಂದ್ರೆ ನಾನೇನು ಮನುಷ್ಯಳಲ್ವಾ?" ಎಂದಳು. ಆಯ್ತು. ಮಧ್ಯಾಹ್ನ ಕನ್ನಡಕದವರು ಮಲಗಿದ್ದಲ್ಲಿಂದ, "ಸಲಹೆಗಾರ ಅಂತ ನನ್ನ ಹೆಸರು ಹಾಕ್ಕೊಳ್ಳಿ, ಬೇಡ ಅನ್ನಲ್ಲ" ಎಂದರು. ಅದಕ್ಕೂ ಆಯ್ತು. ಮೂವರಿಗೂ ಭಾವ "ಯಾರಿಗೂ ಹೇಳ್ಬೇಡಿ" ಎಂದು ಪಿಸುಗುಟ್ಟಿದರು. ಮೂವರೂ ಹಾಗೆಯೇ ಎಲ್ಲರಿಗೂ ಪಿಸುಗುಟ್ಟಿಕೊಂಡು ಬಂದರು.

"ಒಂದು ಲೈಸೆನ್ಸು ಮೂರು ಜನಕ್ಕೆ ಹೇಗ್ರೀ?" ಎಂದು ಅಕ್ಕ ಸೊಂಟದ ಮೇಲೆ ಕೈಯಿಟ್ಟಳು.

"ಒಬ್ಬರಿಗೆ ಕೊಟ್ರೆ ಇಬ್ಬರಿಗೆ ಬೇಜಾರಾಗುತ್ತೆ. ಯಾರಿಗೂ ಕೊಡದೆ ಇದ್ರೆ ಯಾರಿಗೂ ಬೇಜಾರಿಲ್ಲ," ಎಂದು ಭಾವ ಆ ಐದನೆಯದನ್ನು ಖಾಲಿ ಬಿಟ್ಟರು.

ಇಷ್ಟಕ್ಕೇ ನಿಂತಿದ್ದರೆ ನಾನು ಈ ಕಥೆ ಹೇಳುವ ಗೋಜಿಗೆ ಹೋಗುತ್ತಿರಲಿಲ್ಲ. ಆದರೆ 'ಪರೋಕ್ಷ' ಎಂಬುದು ಭಾವನ ತಲೆಯೊಳಗೆ ಕುಳಿತು ಕೆಲಸ ಮಾಡತೊಡಗಿತ್ತು. ಒಂದು ಬೆಳಿಗ್ಗೆ ಚಾಲಕ ವ್ಯಾನಿಗೆ ಹಾಸಿಗೆ ಏರಿಸಿ ನನ್ನ ಬಳಿ ಬಂದು "ಇದು ಯಾರ ಮನೆಗೆ ಸಾರ್?" ಎಂದ. ನಾನು ಪರದೆ ನೋಡಿ ಬಾಯಿ ತೆರೆದೆ.

"ಹೇಳ್ಬೇಡ!" ಎಂದು ಭಾವ ಅಂಗಡಿಯ ಆ ತುದಿಯಿಂದ ಓಡಿ ಬಂದು ನನ್ನ ಬಾಯಿಗೆ ಕೈ ಅಡ್ಡ ಹಿಡಿದರು. "ನೀನು ಸರ್ವರ್ ನೋಡಿ ಅವನಿಗೆ ಹೇಳಿದ್ರೆ, ಅವನು ನಿನ್ನ ಮೂಲಕ ಸರ್ವರ್ ಮುಟ್ಟಿದ ಹಾಗಾಯ್ತು. ಅದೇ ಪರೋಕ್ಷ! ಅವನಿಗೆ ಲೈಸೆನ್ಸ್ ಇಲ್ಲ!"

"ಮತ್ತೆ ಇದನ್ನ ಎಲ್ಲಿಗೆ ಒಯ್ಲಿ?" ಎಂದ ಚಾಲಕ.

"ನೀನೇ ಕೇಳ್ಕೊಂಡು ಹೋಗಪ್ಪ. ಕೇಳೋಕೆ ಲೈಸೆನ್ಸ್ ಬೇಡ."

ಚಾಲಕ ಹೊರಟ. ಒಂದೊಂದೇ ಬೀದಿಯಲ್ಲಿ ವ್ಯಾನ್ ನಿಲ್ಲಿಸಿ, ಒಂದೊಂದೇ ಮನೆಯ ಬಾಗಿಲು ತಟ್ಟಿ, "ನೀವೇನಾದ್ರೂ ಹಾಸಿಗೆ ಹೇಳಿದ್ರಾ?" ಎಂದು ಕೇಳಿಕೊಂಡು ಹೋದ. ಕೆಲವರು ಇಲ್ಲವೆಂದರು. ಕೆಲವರು, ಬೆಲೆ ಕೇಳುವುದಿಲ್ಲವೆಂದು ಖಾತ್ರಿಯಾದ ಮೇಲೆ, ಹೌದು ಎಂದರು. ಹಾಸಿಗೆ ಯಾರ ಮನೆ ಸೇರಿತೆಂಬುದು ಇಂದಿಗೂ ಯಾವ ಸರ್ವರಿನಲ್ಲೂ ಇಲ್ಲ.

ಹಿಂದುಗಡೆ ಪರಿಸ್ಥಿತಿ ಇನ್ನೂ ಕೆಟ್ಟಿತ್ತು. ಯಾವ ಹಾಸಿಗೆಗೆ ಎಷ್ಟು ಹತ್ತಿ ಎಂದು ಹಿಂಜುವಾಕೆಗೆ ಹೇಳುವಂತಿರಲಿಲ್ಲ. ಮೇಸ್ತ್ರಿ ಒಂದು ಉಪಾಯ ಹುಡುಕಿ, ಗೋಡೆಯ ಕಡೆ ತಿರುಗಿಕೊಂಡು "ಈ ಡಬಲ್ಲಿಗೆ ಸ್ವಲ್ಪ ಜಾಸ್ತೀನೇ ಬೇಕಪ್ಪಾ" ಎಂದು ತನಗೆ ತಾನೇ ಗಟ್ಟಿಯಾಗಿ ಹೇಳಿಕೊಳ್ಳತೊಡಗಿದ. ಭಾವ ಅದನ್ನೂ ಹಿಡಿದರು. "ಗೋಡೆಗೂ ಲೈಸೆನ್ಸ್ ಇಲ್ಲ ಮೇಸ್ತ್ರಿ!" ಆ ಮೇಲೆ ಹಿಂಜುವಾಕೆ ಹಟಕ್ಕೆ ಬಿದ್ದು, ಸಾಕು ಎನ್ನುವವರಿಲ್ಲದೆ ಹಿಂಜಿದ್ದೇ ಹಿಂಜಿದ್ದು. ಮಧ್ಯಾಹ್ನದ ಹೊತ್ತಿಗೆ ಮೇಸ್ತ್ರಿ ಹತ್ತಿಯ ಆಚೆ ಎಲ್ಲೋ ಇದ್ದಾನೆಂದು ಅವನ ಸೀನಿನಿಂದ ಮಾತ್ರ ತಿಳಿಯುತ್ತಿತ್ತು.

ಅಷ್ಟರಲ್ಲಿ ಮುಖ್ಯೋಪಾಧ್ಯಾಯಿನಿಯ ಫೋನು ಬಂತು. ಬದಲಿ ಹಾಸಿಗೆ ಯಾವಾಗ ಬರುತ್ತದೆ ಎಂದು ಕೇಳಿದರು.

"ನನಗೆ ಗೊತ್ತು ಮೇಡಂ," ಎಂದರು ಭಾವ. "ಕಣ್ಣ ಮುಂದೇನೇ ಇದೆ. ಆದ್ರೆ ನಿಮಗೆ ಹೇಳೋ ಹಾಗಿಲ್ಲ."

"ನನ್ನ ಹಾಸಿಗೆ ಯಾವಾಗ ಬರುತ್ತೆ ಅಂತ ನನಗೆ ಹೇಳೋ ಹಾಗಿಲ್ವಾ?"

"ನಿಮಗೆ ಲೈಸೆನ್ಸ್ ಇಲ್ಲ ಮೇಡಂ."

"ಮಲಗೋಕೆ ಲೈಸೆನ್ಸಾ?" ಎಂದು ಆಕೆ ಕೂಗಿದ್ದು ರಸ್ತೆಯವರೆಗೆ ಕೇಳಿಸಿತು. "ನಲವತ್ತು ವರ್ಷ ಪಾಠ ಮಾಡಿದೀನಿ, ನಿಮ್ಮಂಥೋರನ್ನ ಬೆಂಚಿನ ಮೇಲೆ ನಿಲ್ಲಿಸ್ತಿದ್ದೆ!"

"ಆಯ್ತು ಮೇಡಂ," ಎಂದು ಭಾವ ಫೋನ್ ಇಟ್ಟರು. ಹಣೆಯ ಬೆವರು ಒರೆಸಿಕೊಂಡು ನನ್ನ ಕಡೆ ನೋಡಿ, "ಕಾನೂನು ಪಾಲಿಸೋದು ಎಷ್ಟು ಕಷ್ಟ ನೋಡಿದ್ಯಾ?" ಎಂದರು.

ಆ ಸಂಜೆ ಎಂದಿನಂತೆ ಮೆಟ್ಟಿಲ ಮೇಲ್ತುದಿಯಿಂದ ದನಿ ಬಂತು. "ಇವತ್ತು ಏನೇನು ಹೋಯ್ತೋ?"

ಭಾವ ಪರದೆಯನ್ನು ನೋಡಿದರು. ಮೆಟ್ಟಿಲನ್ನು ನೋಡಿದರು. ಅಕ್ಕ "ಹೇಳ್ಬಿಡಿ" ಎಂದು ಕಣ್ಣಲ್ಲೇ ಬೇಡಿಕೊಂಡಳು. ನಾನು ಲೆಕ್ಕದ ಪುಸ್ತಕದೊಳಗೆ ಮುಖ ಹುದುಗಿಸಿದೆ. ಹುಟ್ಟಿದ ಲಾಗಾಯ್ತು ಮನೆಯಲ್ಲಿ ಯಾರಿಗೂ ಇಲ್ಲ ಎನ್ನದ ಮನುಷ್ಯ ಅಂದು ಮೊಟ್ಟಮೊದಲ ಬಾರಿಗೆ ಆ ಮಾತಾಡಿದರು, ಆಡಬಾರದವರ ಎದುರಿಗೆ.

"ಹೇಳೋಕಾಗಲ್ಲ ದೊಡ್ಡಮ್ಮಾ."

ಭಾವ ಎರಡು ಮೆಟ್ಟಿಲು ಹತ್ತಿ ನಿಂತರು.

"ಅಂದ್ರೆ, ಗೊತ್ತಿದೆ. ಆದ್ರೆ ಸರ್ವರ್ರಿನ ವಿಷ್ಯ. ಐದು ಜನಕ್ಕೆ ಮಾತ್ರ. ಪರೋಕ್ಷ ಆಗುತ್ತೆ ದೊಡ್ಡಮ್ಮಾ..."

'ಹೂಂ' ಕೇಳಿಸಲಿಲ್ಲ. ಬಾಗಿಲು ಹಾಕಿದ ಸದ್ದು ಮಾತ್ರ ಕೇಳಿಸಿತು. ಅಕ್ಕ ಗಲ್ಲೆಗೆ ಬೀಗ ಹಾಕಿದಳು. ಆ ರಾತ್ರಿ ಭಾವ ಊಟಕ್ಕೆ ಕುಳಿತಾಗ ತಟ್ಟೆಯನ್ನು ಅವಳು ಎಷ್ಟು ಜೋರಾಗಿ ಇಟ್ಟಳೆಂದರೆ ನನ್ನ ತಟ್ಟೆ ಕೂಡ ನಡುಗಿತು.

ಮರುದಿನ ಬೆಳಿಗ್ಗೆ ದೊಡ್ಡಮ್ಮ ಕಿಟಕಿಯಲ್ಲಿ ನಿಂತಿದ್ದರು. ಪಕ್ಕದ ಮಹಡಿಯ ಕಿಟಕಿಯಲ್ಲಿ ಕನ್ನಡಕದವರು ಹಲ್ಲುಜ್ಜುತ್ತಿದ್ದರು. ದೊಡ್ಡಮ್ಮ ಅವರನ್ನು, ಅದೇನಪ್ಪಾ ಸರ್ವರು, ಅದೇನು ಐದು ಜನ ಎಂದು ಕೇಳಿದರು. ಕನ್ನಡಕದವರು ನೊರೆ ಉಗುಳಿ, ಎದೆಯುಬ್ಬಿಸಿ ಉತ್ತರ ಕೊಟ್ಟರು.

"ನಾಲ್ಕು ಅವರವರೇ ಇಟ್ಕೊಂಡಿದಾರಮ್ಮ. ಐದನೇದು ನನಗೇ ಅಂತ ಮಾತಾಗಿದೆ."

ಅಂಗಡಿಯ ಹಾಸಿಗೆಯ ಲೆಕ್ಕ ಕಟ್ಟಡ ಕಟ್ಟಿದವರಿಗೆ ಹೇಳುವಂತಿಲ್ಲ, ಪಕ್ಕದ ಮನೆಯವನಿಗೆ ಹೇಳಬಹುದು. ದೊಡ್ಡಮ್ಮನಿಗೆ ಬೇರೆ ವಿವರ ಬೇಕಾಗಲಿಲ್ಲ.

ನಾವು ಬಾಗಿಲು ತೆರೆಯುವ ಹೊತ್ತಿಗೆ ಅವರ ದನಿ ಬಂತು. ಎಂದಿನ ಕೂಗಲ್ಲ, ತಣ್ಣಗಿನ ದನಿ. ಅದೇ ಹೆದರಿಕೆ ಹುಟ್ಟಿಸಿತು.

"ಕೇಳಪ್ಪ. ನನ್ನ ಕಾಲ ಕೆಳಗೆ ನನಗೆ ಹೇಳಬಾರದ ವ್ಯಾಪಾರ ನಡೀತಾ ಇದ್ಯಂತೆ. ಅಂಥದ್ದನ್ನ ನನ್ನ ಕಟ್ಟಡದಲ್ಲಿ ನಡೆಸೋದು ಬೇಡ. ಶನಿವಾರದೊಳಗೆ ಬೇರೆ ಜಾಗ ನೋಡ್ಕೋ. ಕನ್ನಡಕದವರು ಬಹಳ ದಿನದಿಂದ ಕೇಳ್ತಾ ಇದಾರೆ, ಅವರಿಗೆ ಕೊಡ್ತೀನಿ."

ಭಾವ ಅಲ್ಲೇ ಇದ್ದ ಹಾಸಿಗೆಯ ಮೇಲೆ ಕುಸಿದರು. ಹಿಂದಿನಿಂದ ಮೇಸ್ತ್ರಿ, ಹಿಂಜುವಾಕೆ, ಚಾಲಕ ಎಲ್ಲ ಬಂದು ಸುತ್ತ ನಿಂತರು. ಅಂಗಡಿ ಹೋದರೆ ಎಲ್ಲರ ಅನ್ನವೂ ಹೋಗುತ್ತದೆ ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

"ಆ ಐದನೇದು ದೊಡ್ಡಮ್ಮಂಗೆ ಕೊಟ್ಬಿಡಿ," ಎಂದಳು ಹಿಂಜುವಾಕೆ. "ನನಗೆ ಬೇಡ."

"ನನಗೂ ಬೇಡ. ಬಾಗಿಲು ತಟ್ಟಿ ತಟ್ಟಿ ಅಭ್ಯಾಸ ಆಗಿದೆ," ಎಂದ ಚಾಲಕ.

ಭಾವ ನನ್ನಿಂದ ದೊಡ್ಡಮ್ಮನ ಹೆಸರು, ಗುಪ್ತಪದ ಎಲ್ಲ ಚೆಂದದ ಕಾಗದದ ಮೇಲೆ ಬರೆಸಿಕೊಂಡು ಮೆಟ್ಟಿಲು ಹತ್ತಿದರು. ನಾವೆಲ್ಲ ಕೆಳಗೆ ಕಿವಿ ನಿಮಿರಿಸಿಕೊಂಡು ನಿಂತೆವು. ಬಾಗಿಲು ಅಂಗೈಯಗಲ ತೆರೆದುಕೊಂಡಿತು.

"ಏನಿದು?"

"ಲೈಸೆನ್ಸು ದೊಡ್ಡಮ್ಮಾ. ಐದನೇದು. ನಿಮಗೇ."

"ಇದುವರೆಗೆ ಯಾರ ಹತ್ರ ಇತ್ತು?"

"ಯಾರ ಹತ್ರಾನೂ ಇರ್ಲಿಲ್ಲ. ಖಾಲಿ ಬಿದ್ದಿತ್ತು."

ಇಷ್ಟು ವರ್ಷ ಸಂಸಾರ ಮಾಡಿದ ಮನುಷ್ಯನಿಗೆ ಇಂಥ ಉತ್ತರ ಹೊಳೆಯಿತಲ್ಲ ಎಂದು ಅಕ್ಕ ಕೆಳಗೆ ಹಣೆ ಬಡಿದುಕೊಂಡಳು.

"ಖಾಲಿ ಬಿದ್ದಿತ್ತು, ಆದ್ರೂ ನನಗೆ ಹೇಳೋಕಾಗ್ಲಿಲ್ಲ," ಎಂದಿತು ಆ ದನಿ. ಬಾಗಿಲು ಮುಚ್ಚಿತು. ಕಾಗದ ಮಾತ್ರ ಸಂದಿನಿಂದ ಹೊರಗೆ ಬಂತು.

ಶನಿವಾರ ಬೆಳಿಗ್ಗೆ ಕನ್ನಡಕದವರು ಅಳತೆಯ ಪಟ್ಟಿ ಹಿಡಿದು ಬಂದರು. ಅಂದು ಮಲಗಲಿಲ್ಲ. ಪಟ್ಟಿಯ ಒಂದು ತುದಿಯನ್ನು ಭಾವನ ಕೈಗೇ ಕೊಟ್ಟು, "ಸ್ವಲ್ಪ ಹಿಡ್ಕೊಳ್ಳಿ ಸಾರ್" ಎಂದರು. ಭಾವ ಹಿಡಿದುಕೊಂಡರು. ತನ್ನ ಅಂಗಡಿಯ ಅಳತೆಗೆ ತಾನೇ ಪಟ್ಟಿ ಹಿಡಿದು ನಿಂತ ಆ ಮುಖವನ್ನು ನೋಡಲಾಗದೆ ಮೇಸ್ತ್ರಿ ಹತ್ತಿಯೊಳಗೆ ಮರೆಯಾದ. ನನಗೆ ಅಂದು ಭಾವನ ಮೇಲೆ ಕೋಪ ಬರಲಿಲ್ಲ, ಅಯ್ಯೋ ಎನಿಸಿತು.

ಅದೇ ಹೊತ್ತಿಗೆ ಸರ್ವರ್ ಮಾರುವವನು ಸೀನುತ್ತ ಒಳಗೆ ಬಂದ. ಎಲ್ಲ ಸರಿಯಾಗಿ ನಡೆಯುತ್ತಿದೆಯೇ ಎಂದು ನೋಡಲು ಬಂದಿದ್ದ. ತಪಾಸಣೆಯೇ ಬಂತೆಂದು ಭಾವ ಪಟ್ಟಿಯನ್ನು ಕೈಬಿಟ್ಟರು. ಅದು ಸರಕ್ಕನೆ ಹಾರಿ ಕನ್ನಡಕದವರ ಬೆರಳಿಗೆ ಬಡಿಯಿತು.

"ನಾನು ಯಾರಿಗೂ ಹೇಳಿಲ್ಲ!" ಎಂದರು ಭಾವ ಎರಡೂ ಕೈ ಎತ್ತಿ. "ಗಿರಾಕಿಗೂ ಹೇಳಿಲ್ಲ, ಚಾಲಕನಿಗೂ ಹೇಳಿಲ್ಲ, ನಮ್ಮ ದೊಡ್ಡಮ್ಮಂಗೂ ಹೇಳಿಲ್ಲ. ಬೇಕಾದ್ರೆ ಎಲ್ಲರನ್ನೂ ಕೇಳಿ. ಯಾರಿಗೂ ಏನೂ ಗೊತ್ತಿಲ್ಲ!"

"ಏನು ಹೇಳಿಲ್ಲ ಸಾರ್?"

"ಯಾವ ಹಾಸಿಗೆ ಯಾರಿಗೆ ಅಂತ. ಪರೋಕ್ಷವಾಗಿ ಮುಟ್ಟಬಾರದು ಅಂದ್ರಲ್ಲ?"

ಮಾರುವವನು ಸೀನಲು ಬಾಯಿ ತೆರೆದವನು ಸೀನನ್ನೇ ಮರೆತ. "ಬಾಯಲ್ಲಿ ಹೇಳೋದಕ್ಕೆ ಯಾವ ಲೈಸೆನ್ಸೂ ಬೇಡ ಸಾರ್! ಪರೋಕ್ಷ ಅಂದ್ರೆ ಬೇರೆ ಯಾವ್ದೋ ಪ್ರೋಗ್ರಾಂ ಮಧ್ಯ ಇಟ್ಕೊಂಡು ಕಂಪ್ಯೂಟರಿಂದ ಒಳಗೆ ಬರೋದು. ಮನುಷ್ಯರು ಮನುಷ್ಯರ ಹತ್ರ ಮಾತಾಡಿದ್ರೆ ನಮ್ಮ ಕಂಪನಿಗೇನು?"

ಎಲ್ಲರೂ ಭಾವನನ್ನು ನೋಡಿದರು. ಬಾಗಿಲು ತಟ್ಟಿ ತಟ್ಟಿ ಗೆಣ್ಣು ಸವೆಸಿಕೊಂಡಿದ್ದ ಚಾಲಕ ಎಲ್ಲರಿಗಿಂತ ಹೆಚ್ಚು ಹೊತ್ತು ನೋಡಿದ.

"ಮೊದಲೇ ಹೇಳಿದ್ದೆ ಸಾರ್," ಎಂದು ಮಾರುವವನು ಮುಂದುವರಿಸಿದ. "ಬೇಸಿಕ್ ತಗೊಂಡಿದ್ರೆ ಈ ಐದರ ಗೊಡವೇನೇ ಇರ್ತಿರ್ಲಿಲ್ಲ. ಈಗ್ಲೂ ಬದಲಾಯಿಸ್ಕೊಬಹುದು, ಗಡುವು ಮುಗಿದಿಲ್ಲ. ಪಕ್ಕದ ಸಾಹೇಬ್ರು ಕೂಡ ಬೇಸಿಕ್ಕೇ ಅಲ್ವಾ ಹಾಕ್ಸಿರೋದು? ಏನ್ ಸಾರ್, ಚೆನ್ನಾಗಿ ನಡೀತಾ ಇದ್ಯಾ?"

ಕನ್ನಡಕದವರು ಬೆರಳು ಚೀಪುತ್ತ ನೆಲದ ಅಳತೆಯಲ್ಲಿ ವಿಪರೀತ ಆಸಕ್ತಿ ತೋರಿಸತೊಡಗಿದರು.

"ಬೇಸಿಕ್ಕಾ?" ಎಂದಿತು ಒಂದು ದನಿ.

ಎಲ್ಲರೂ ತಿರುಗಿದೆವು. ದೊಡ್ಡಮ್ಮ ಮೆಟ್ಟಿಲಿಳಿದು ಬಂದಿದ್ದರು. ಗೋಡೆ ಹಿಡಿದು, ಒಂದೊಂದೇ ಹೆಜ್ಜೆಯಿಟ್ಟು, ಯಾರಿಗೂ ಸದ್ದು ಕೇಳಿಸದ ಹಾಗೆ. ಅಕ್ಕ ಓಡಿಹೋಗಿ ಕುರ್ಚಿ ತಂದಳು. ಅವರು ಕುರ್ಚಿಯನ್ನು ತಳ್ಳಿ, ಪ್ರದರ್ಶನದ ಹಾಸಿಗೆಯ ಅಂಚಿನಲ್ಲಿ ಕುಳಿತು, ಕೈಯಿಂದ ಹೊಲಿಗೆ ಸವರಿ ನೋಡಿ, ಮೇಸ್ತ್ರಿಯ ಕಡೆ ದೃಷ್ಟಿ ಹಾಯಿಸಿದರು. ಹತ್ತಿಯೊಳಗೆ ಮೇಸ್ತ್ರಿ ಇನ್ನಷ್ಟು ತಗ್ಗಿದ.

ಭಾವ ಒಂದು ಸಲ ಕನ್ನಡಕದವರನ್ನು ನೋಡಿದರು, ಒಂದು ಸಲ ಮಾರುವವನನ್ನು. ಆಮೇಲೆ ಗಂಟಲು ಸರಿಮಾಡಿಕೊಂಡು ಇಡೀ ಅಂಗಡಿಗೆ ಕೇಳುವಂತೆ ಹೇಳಿದರು.

"ಬದಲಾಯಿಸಿ. ನಮಗೆ ಬೇಸಿಕ್ ಸಾಕು. ಜಂಭಕ್ಕೆ ಬಿದ್ದು ತಗೊಂಡೆ. ನಮ್ಮ ದೊಡ್ಡಮ್ಮನ ಮನಸ್ಸು ನೋಯಿಸ್ದೆ. ತಪ್ಪಾಯ್ತು."

"ಆಯ್ತು ಸಾರ್," ಎಂದ ಮಾರುವವನು, ಖುಷಿಯಿಂದ. ಪೆನ್ನು ತೆಗೆದು ದೊಡ್ಡಮ್ಮನ ಕಡೆ ಬಾಗಿ ನಕ್ಕ. "ಇನ್ನು ಜಾಗ ಬೇಕಾದಷ್ಟಿದೆ ಅಮ್ಮ. ನಿಮ್ಮ ಹೆಸರೂ ಹಾಕ್ಕೊಳ್ತೀನಿ, ಬಳಕೆದಾರರು ಅಂತ."

"ನಾನ್ಯಾಕಪ್ಪ ಬಳಕೆದಾರಳು?" ಎಂದರು ದೊಡ್ಡಮ್ಮ. "ನಿನ್ನ ಪೆಟ್ಟಿಗೆ ಎಲ್ಲಿ ಕೂತಿದೆ?"

"ಅಲ್ಲಿ, ಮೂಲೇಲಿ ಅಮ್ಮ."

"ಆ ಮೂಲೆ ಯಾರದ್ದು? ನಾನೂ ನಮ್ಮ ಯಜಮಾನ್ರೂ ಕಲ್ಲು ಹೊತ್ತು ಕಟ್ಟಿಸಿದ ಮೂಲೆ ಅದು. ನನ್ನ ನೆಲದ ಮೇಲೆ ಕೂತು, ನನ್ನ ಮನೆ ಕರೆಂಟು ಕುಡೀತಾ ಇದೆ. ಅದಕ್ಕೆ ನನ್ನ ಲೈಸೆನ್ಸ್ ಇದ್ಯಾ?"

ಮಾರುವವನು ಪೆನ್ನು ಕಚ್ಚಿಕೊಂಡ. ಅವನ ತರಬೇತಿಯಲ್ಲಿ ಈ ಪಾಠ ಇರಲಿಲ್ಲ. "ಅಂಥ ಎಡಿಷನ್ ನಮ್ಮಲ್ಲಿಲ್ಲ ಅಮ್ಮ," ಎಂದ ಮೆಲ್ಲಗೆ.

"ನನ್ನಲ್ಲಿದೆ. ಬರ್ಕೋ. ಕೊಡೋದು ಒಂದೇ ಒಂದು. ಪೆಟ್ಟಿಗೆಗಲ್ಲ, ಮನುಷ್ಯನಿಗೆ. ಇವನಿಗೆ," ಎಂದು ಭಾವನ ಕಡೆ ಬೆರಳು ತೋರಿಸಿದರು. "ದಿನಾ ಸಂಜೆ ಬಾಗಿಲು ಹಾಕಿ, ಮೇಲೆ ಬಂದು, ನನ್ನ ಎದುರಿಗೆ ಕೂತು ಹೇಳ್ಬೇಕು. ಕೆಳಗಿಂದ ಕೂಗೋದು ಸಾಕು. ಬಾಮೈದನನ್ನ ಕಳಿಸೋ ಹಾಗಿಲ್ಲ. ಒಂದು ದಿನ ತಪ್ಪಿದ್ರೂ ರದ್ದು."

ಬಡಪಾಯಿ ಮಾರುವವನು ನಿಜವಾಗಿಯೂ ಬರೆದುಕೊಂಡ.

"ಹಾಗಾದ್ರೆ ನನ್ನ ಅಳತೆ..." ಎಂದು ಕನ್ನಡಕದವರು ಪಟ್ಟಿ ಎತ್ತಿ ತೋರಿಸಿದರು.

"ನಿಮ್ಮ ಅಂಗಡಿ ಅಳತೆ ಮಾಡ್ಕೊಳ್ಳಿ," ಎಂದರು ದೊಡ್ಡಮ್ಮ. "ಅಲ್ಲಿ ಒಂದು ಹಾಸಿಗೆ ಹಿಡಿಸುತ್ತಾ ನೋಡಿ. ಇವತ್ತೇ ಕಳಿಸ್ತೀವಿ, ದುಡ್ಡು ಕೊಟ್ಟು ಇಳಿಸ್ಕೊಳ್ಳಿ."

ಚಾಲಕ ಒಂದು ಕ್ಷಣವೂ ತಡಮಾಡದೆ ಹಾಸಿಗೆಯ ಒಂದು ತುದಿ ಹಿಡಿದೆತ್ತಿದ. ಅಂದು ಅವನಿಗೆ ವಿಳಾಸ ಗೊತ್ತಿತ್ತು.

ಆ ಸಂಜೆ ಬಾಗಿಲು ಹಾಕಿ, ಭಾವ ಮುಖ ತೊಳೆದು, ತಲೆ ಬಾಚಿ, ಅಂದಿನ ವ್ಯಾಪಾರವನ್ನು ನನ್ನಿಂದ ಎರಡು ಸಲ ಹೇಳಿಸಿಕೊಂಡು ಬಾಯಿಪಾಠ ಮಾಡಿ ಮೆಟ್ಟಿಲು ಹತ್ತಿದರು. ಪರೀಕ್ಷೆಗೆ ಹೋಗುವವರಂತೆ ಅಕ್ಕನ ಕಡೆ ಒಮ್ಮೆ ತಿರುಗಿ ನೋಡಿದರು. ನಾವು ಕೆಳಗೆ ಕಾದೆವು. ಮೇಲಿನಿಂದ ಗದರುವ ಸದ್ದಾಗಲಿ, ಭಾವ ಆಯ್ತು ಎನ್ನುವುದಾಗಲಿ ಕೇಳಿಸಲಿಲ್ಲ. ಕಾದು ಕಾದು ನನಗೆ ಹಸಿವೆಯೇ ಆಗಿಹೋಯಿತು.

ಕೊನೆಗೂ ಇಳಿದು ಬಂದರು. ಕೆಳಗಿನ ಮೆಟ್ಟಿಲ ಮೇಲೆ ಕುಳಿತರು.

"ಸರಿಯಾಗಿ ಒಪ್ಪಿಸಿದ್ರಾ?" ಎಂದಳು ಅಕ್ಕ. "ಡಬಲ್ಲು, ಸಿಂಗಲ್ಲು ಎಲ್ಲಾ ಹೇಳಿದ್ರಾ?"

"ಹೇಳೋಕೆ ಶುರು ಮಾಡ್ದೆ," ಎಂದರು ಭಾವ. "'ಅದಿರ್ಲಿ ಬಿಡು' ಅಂದ್ರು. ಹಾಸಿಗೆ ವಿಷ್ಯ ಒಂದು ಮಾತೂ ಕೇಳ್ಲಿಲ್ಲ ಕಣೇ. ಮಂಡಿಗೆ ಹಚ್ಚೋ ಎಣ್ಣೆ ಮುಗಿದಿದೆ ಅಂದ್ರು. ದೊಡ್ಡಪ್ಪ ನಿದ್ದೇಲಿ ಬೆಲೆ ಕೂಗ್ತಿದ್ದಿದ್ದು ಹೇಳಿ ನಕ್ಕರು. ನನ್ನ ಕೂದಲು ಉದುರ್ತಾ ಇದೆ ಅಂತ ಬೈದ್ರು."

"ಆಮೇಲೆ?"

ಭಾವ ಮೂಗು ಒರೆಸಿಕೊಂಡರು. ಹತ್ತಿಯ ಧೂಳು ಎಂದು ನಾನಂದುಕೊಂಡೆ, ಆದರೆ ಹತ್ತಿ ಹಿಂದುಗಡೆ ಇತ್ತು.

"ಏಳೋವಾಗ ಕೈ ಹಿಡ್ಕೊಂಡ್ರು. 'ನಾಳೆ ಇನ್ನೂ ಸ್ವಲ್ಪ ಬೇಗ ಬಾ' ಅಂದ್ರು."